ಗಂಟು ಹಾಕದ ಅರ್ಧ

ಅಮ್ಮಾ,

ನೀನು ಇದನ್ನು ಓದಲ್ಲ ಅಂತ ಗೊತ್ತು. ಆದರೂ ನಿನಗೆ ಹೇಳದೆ ಇರೋಕೆ ಆಗ್ತಿಲ್ಲ. ಇವತ್ತು ಆಫೀಸಿನಲ್ಲಿ ನಮ್ಮಿಬ್ಬರ ನೀಲಿ ಮಣಿಸರ ಹರಿದುಹೋಯ್ತು. ಅರ್ಧ ನೀನು ಪೋಣಿಸಿದ್ದು, ಇನ್ನರ್ಧ ನೀನು ಹೋದಮೇಲೆ ನಾನು ಮುಗಿಸಿದ್ದು. ಹರಿದದ್ದು ನನ್ನ ಅರ್ಧವೇ, ಇನ್ಯಾರದ್ದು! ಮಣಿಗಳೆಲ್ಲ ಪಟಪಟ ಉದುರಿ ನೆಲದ ತುಂಬಾ ಉರುಳಿದವು. ನಮ್ಮ ಗಂಟುಮೋರೆ ಮ್ಯಾನೇಜರ್ ಕೂಡ ಮೊಣಕಾಲೂರಿ ಮೇಜಿನ ಕೆಳಗೆ ಹುಡುಕಿದರು. ನಿನ್ನ ಅರ್ಧದ ಒಂದು ಮಣಿಯೂ ಅಲುಗದೆ ನನ್ನ ಕೈಯಲ್ಲೇ ಉಳಿಯಿತು.

"ಮಣಿಗೊಂದು ಗಂಟು ಹಾಕೇ. ದಾರ ಹರಿದರೂ ಒಂದೇ ಬೀಳುತ್ತೆ" ಅಂತಿದ್ದೆ ನೀನು. "ಹಾಗೆ ಗಂಟು ಹಾಕ್ತಾ ಕೂತರೆ ಸರ ಮುಗಿಯೋದ್ರೊಳಗೆ ನನ್ನ ತಲೆ ನೆರೆಯುತ್ತೆ" ಅಂತ ನಾನು ನಗ್ತಿದ್ದೆ. ನೆರೆದಿದೆ, ನೋಡು.

ಈಗ ಕಿಟಕಿ ಪಕ್ಕದ ನಿನ್ನ ಕುರ್ಚಿಯಲ್ಲೇ ಕೂತು, ನಿನ್ನ ಕೊನೆಯ ಗಂಟಿನಿಂದ ಮತ್ತೆ ಶುರು ಮಾಡಿದ್ದೀನಿ. ಮಣಿಗೊಂದು ಗಂಟು. ಕನ್ನಡಕ ಹಾಕ್ಕೊಂಡರೂ ಸೂಜಿಗೆ ದಾರ ಏರಿಸೋಕೆ ನಾಲ್ಕು ಸಲ ಬೇಕಾಯ್ತು. ನಿನಗೂ ಕಾಣ್ತಿರಲಿಲ್ಲ. "ಸ್ವಲ್ಪ ದಾರ ಏರಿಸಿಕೊಡೇ" ಅಂತ ಕರೀತಿದ್ದೆ. ನಾನು ಒಳಗಿಂದಲೇ "ಇರಮ್ಮ, ಬಂದೆ" ಅಂತಿದ್ದೆ. ನಾನು ಬರೋ ಹೊತ್ತಿಗೆ ಹೇಗೋ ನೀನೇ ಏರಿಸಿಕೊಂಡು ಪೋಣಿಸ್ತಾ ಕೂತಿರ್ತಿದ್ದೆ.

ಆ ಕೊನೆಯ ಸಂಜೆ ಮಾತ್ರ, ನಾನು ಬಂದಾಗ ಸೂಜಿ ನಿನ್ನ ಮಡಿಲಲ್ಲಿತ್ತು, ದಾರವಿಲ್ಲದೆ.