ಒಂದು ಬೊಗಸೆ ಕೊಳೆ

ಜೂನ್ 2, ಬೆಳಿಗ್ಗೆ

ಮೆಟ್ಟಿಲು ಒರೆಸಿ ಆಯಿತು. ತಾರಸಿಯಲ್ಲಿ ಸೊಸೆಯ ತೊಟ್ಟಿ — ನೀರಿದೆ, ಮೀನಿಲ್ಲ. ಅದರ ಮೇಲೆ ಜಲ್ಲಿಕಲ್ಲು ತುಂಬಿದ ಇನ್ನೊಂದು ತೊಟ್ಟಿ, ಮುಂದೆ ಪುದೀನ ನೆಡಲು. ಪಂಪು ನೀರನ್ನು ಮೇಲಕ್ಕೆ ಎತ್ತುತ್ತದೆ, ಕಲ್ಲಿನೊಳಗೆ ಇಳಿದು ಮತ್ತೆ ಕೆಳಗೆ ಬರುತ್ತದೆ. ಮೀನಿನ ಹೊಲಸೇ ಪುದೀನಕ್ಕೆ ಗೊಬ್ಬರವಂತೆ. ನಡುವೆ ಕಲ್ಲಿನ ಮೇಲೆ ಬ್ಯಾಕ್ಟೀರಿಯಾ ಕೂತು ಅಡುಗೆ ಮಾಡಿ ಬಡಿಸಬೇಕಂತೆ. ಅವು ನೆಲೆಯಾಗುವ ಮೊದಲೇ ಮೀನು ಬಿಟ್ಟರೆ ತಮ್ಮ ಹೊಲಸಿಗೆ ತಾವೇ ಸಾಯುತ್ತವೆ.

"ಎಲ್ಲಿಂದ ಬರ್ತವೆ ಅವು?"

"ಗಾಳೀಲಿ, ನೀರಲ್ಲಿ ಇರ್ತವೆ ಅತ್ತೆ. ಊಟ ಇಟ್ಟು ಕಾಯಬೇಕು, ಅಷ್ಟೆ."

ಊಟ ಅಂದರೆ ಸೀಸೆಯಲ್ಲಿರುವ ಅಮೋನಿಯಾ. ದಿನಾ ಕೆಲವು ಹನಿ. ಕರೆಯದ ನೆಂಟರಿಗೆ ತಟ್ಟೆ ಹಾಕಿ ಕಾದ ಹಾಗೆ. ಹೈಸ್ಕೂಲಿನಲ್ಲಿ ನಾನು ಓದಿದ ಬ್ಯಾಕ್ಟೀರಿಯಾ ಎಲ್ಲ ರೋಗದವೇ... ಇರಲಿ. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ಅವಳು ತನ್ನದು ಅಂತ ಮಾಡಿಕೊಂಡಿದ್ದು ಇದೊಂದೇ.

ಜೂನ್ 11

ಸಂಜೆ ಟೆಸ್ಟು. ನೀರನ್ನು ಗಾಜಿನ ಕೊಳವೆಗೆ ಹಾಕಿ, ಮದ್ದು ಬೆರೆಸಿ, ಬಣ್ಣ ನೋಡುವುದು. ಮೊದಲನೆಯದು ಅಮೋನಿಯಾಕ್ಕೆ. ಹಸಿರಿದೆ, ಹಳದಿಯಾಗಬೇಕು. ಎರಡನೆಯದು ನೈಟ್ರೈಟಿಗೆ, ಅಂದರೆ ಬ್ಯಾಕ್ಟೀರಿಯಾ ಅಮೋನಿಯಾ ತಿಂದು ಮೊದಲು ಬಿಡುವುದಕ್ಕೆ. ನೀಲಿಯಿದ್ದದ್ದು ನೇರಳೆಯಾಗಿ ಮತ್ತೆ ನೀಲಿಗೆ ಬಂದರೆ ಕೆಲಸ ಮುಗಿದ ಹಾಗೆ.

ಇವರು ಪೇಪರಿನಿಂದ ತಲೆ ಎತ್ತದೆ, "ನನ್ನ ಶುಗರನ್ನೂ ಯಾರಾದ್ರೂ ಇಷ್ಟು ಪ್ರೀತಿಯಿಂದ ನೋಡಿದ್ರೆ!" ಅಂದರು.

ಜೂನ್ 17

ನೇರಳೆ! ಸೊಸೆ ಕೊಳವೆ ಹಿಡಿದುಕೊಂಡೇ ಕುಣಿದಳು. "ಬಂದ್ರು ಅತ್ತೆ, ಬಂದ್ರು!" ಬಾಗಿಲ ಕಡೆ ನೋಡಿಬಿಟ್ಟೆ.

ನಾಳೆ ಅವಳು ಆಫೀಸಿನ ಟ್ರೈನಿಂಗಿಗೆ ಹೊರಡುತ್ತಾಳೆ. ವಾಪಸು ಬರುವುದು ನಾಲ್ಕನೇ ತಾರೀಕು ಶನಿವಾರ. ಮಾರನೇ ದಿನ ಮೀನು ತರಲು ಅಂಗಡಿಯವನಿಗೆ ಹೇಳಿದ್ದಾಳೆ.

"ಹನಿ ಹಾಕಿ, ಬಣ್ಣ ನೋಡಿ. ಬೇರೆ ಏನೂ ಮಾಡಬೇಡಿ ಅತ್ತೆ."

"ನನಗೆ ಬಿಡು" ಅಂದೆ.

ಜೂನ್ 20

ಕಲ್ಲಿಗೆ ಕೈ ಹಾಕಿದೆ. ಥೂ, ಲೋಳೆ! ಕಂದು ಬಣ್ಣ, ಜಾರುತ್ತದೆ. ಹುಡುಗಿ ಇಲ್ಲದಾಗ ಹೀಗಾಯಿತು ಅಂದರೆ ನನ್ನ ಮೇಲೇ ಬರುತ್ತದೆ. ಪಂಪು ನಿಲ್ಲಿಸಿದೆ. ಕಲ್ಲೆಲ್ಲ ತೆಗೆದು, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದೆ. ತೊಟ್ಟಿಗೂ ಹೊಸ ನೀರು. ಈಗ ಒಂದೊಂದು ಕಲ್ಲೂ ಲಕಲಕ. ಬೆನ್ನು ಹಿಡಿದುಕೊಂಡಿದೆ, ಆದರೂ ತೃಪ್ತಿ.

ಇವರು ಬಂದು ನೋಡಿ, "ನೀನು ಸ್ವರ್ಗಕ್ಕೆ ಹೋದ್ರೂ ಮೊದಲು ಹೊಸಿಲು ಒರೆಸಿಯೇ ಒಳಗೆ ಹೋಗೋದು" ಅಂದರು. ಹೊಗಳಿಕೆ ಅಂತಲೇ ತೆಗೆದುಕೊಂಡೆ.

ಜೂನ್ 24

ಎರಡನೇ ಕೊಳವೆ ಅಚ್ಚ ನೀಲಿ. ಗೆದ್ದೆ ಅಂದುಕೊಂಡೆ. ಮೊದಲನೆಯದು ನೋಡಿದರೆ — ಕಡು ಹಸಿರು. ದಿನಾ ಹಾಕಿದ ಊಟವೆಲ್ಲ ಹಾಗೇ ಬಿದ್ದಿದೆ. ತಿನ್ನುವವರೇ ಇಲ್ಲ.

ಫೋನ್ ಮಾಡಿದೆ. ಕಲ್ಲು ತೊಳೆದದ್ದು ಹೇಳಿದೆ. ಬಚ್ಚಿಡುವ ಅಭ್ಯಾಸ ನನಗಿಲ್ಲ. ಅವಳು ಅಂದದ್ದು ಇಷ್ಟೇ, "ಆ ಲೋಳೇನೇ ಅವು ಅತ್ತೆ. ಈಗಷ್ಟೇ ಸಂಸಾರ ಹೂಡಿದ್ವು."

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಬೈಯಲಿಲ್ಲ.

"ಮೀನು ಬೇಡ ಅಂತ ಹೇಳಿಬಿಡ್ತೀನಿ" ಅಂದಳು. ಧ್ವನಿ ಸಣ್ಣಗಾಗಿತ್ತು.

"ಬೇರೆ ದಾರಿ ಇಲ್ವೇನೆ?"

"ಹೆಪ್ಪು ಸಿಕ್ಕಿದ್ರೆ ಆಗಬಹುದು. ಹಳೇ ಮೀನಿನ ತೊಟ್ಟಿಯ ಕಲ್ಲು, ಲೋಳೆ ಸಮೇತ. ಚಿಕ್ಕತ್ತೆ ಮನೇಲಿದೆ... ಆದರೆ ನೀವು..."

ಆದರೆ ನಾನು. ಈ ಮನೆಗೆ ಬಂದ ಮೇಲೆ ಹಾಲಿಗೆ ಹಾಕಲು ಹೆಪ್ಪು ಬೇಕೆಂದು ಯಾರ ಬಾಗಿಲಿಗೂ ಹೋದವಳಲ್ಲ. ಈಗ ಕೊಳೆಯ ಹೆಪ್ಪು, ಅದೂ ವಾರಗಿತ್ತಿಯ ಹತ್ತಿರ! ಮೈದುನನ ಹೆಂಡತಿ, ಇರುವುದು ಹಿಂದಿನ ಬೀದಿಯಲ್ಲೇ. ಹೋದ ವರ್ಷ ಅವಳ ಮನೆಯಲ್ಲಿ ಕೂರುವ ಮೊದಲು ಸೆರಗಿನಿಂದ ಕುರ್ಚಿ ಒರೆಸಿದೆ. ಧೂಳಿತ್ತು, ಒರೆಸಿದೆ. ಅವತ್ತಿನಿಂದ ಅವಳು ನಮ್ಮ ಮೆಟ್ಟಿಲು ಹತ್ತಿಲ್ಲ.

ಜೂನ್ 26

ನಿನ್ನೆಯೆಲ್ಲ ಕಲ್ಲನ್ನು ಮತ್ತೆ ಮತ್ತೆ ಜಾಲಿಸಿ ಬಿಸಿಲಿಗೆ ಹರವಿದೆ. ಬ್ಲೀಚಿಂಗ್ ವಾಸನೆ ಪೂರ್ತಿ ಹೋಗಬೇಕಂತೆ. ತೊಟ್ಟಿಯ ನೀರನ್ನೂ ಬದಲಿಸಿ ಬಿಸಿಲಿಗೆ ಬಿಟ್ಟೆ. ಇವತ್ತು ಸ್ಟೀಲ್ ಡಬ್ಬಿ ತೆಗೆದುಕೊಂಡು ಹೊರಟೆ. ಗೇಟಿನವರೆಗೆ ಹೋಗಿ ಒಂದು ಸಲ ವಾಪಸು ಬಂದೆ. ನೀರು ಕುಡಿದು ಮತ್ತೆ ಹೊರಟೆ.

ಬಾಗಿಲು ತೆರೆದವಳು ಮೊದಲು ಡಬ್ಬಿ ನೋಡಿದಳು.

"ಏನಕ್ಕಾ, ದಾರಿ ತಪ್ಪಿತಾ?"

"ಹೆಪ್ಪು ಬೇಕಿತ್ತು."

"ನಿಮ್ಮನೇಲಿ ಹೆಪ್ಪಿಲ್ವಾ!"

ವಿಷಯ ಹೇಳಿದೆ. ಕಲ್ಲು ತಿಕ್ಕಿದ ಜಾಗ ಬಂದಾಗ ಬಾಯಿಗೆ ಸೆರಗು ಅಡ್ಡ ಹಿಡಿದಳು. ನಗಲಿ. ಕುರ್ಚಿ ತೋರಿಸಿದಳು. ಅದೇ ಕುರ್ಚಿ. ಮೇಲೆ ಬೆಕ್ಕಿನ ಕೂದಲು, ಬಿಸ್ಕತ್ತಿನ ಪುಡಿ. ಕೂತೆ. ಹಾಗೇ ಕೂತೆ.

ಅವಳ ನಗು ಅಲ್ಲಿಗೆ ನಿಂತಿತು. "ಟೀ ಕುಡೀತೀರಾ ಅಕ್ಕ?" ಅಂದಳು, ಬೇರೆಯದೇ ದನಿಯಲ್ಲಿ.

ಹಿತ್ತಿಲ ತೊಟ್ಟಿ ಹಸಿರುಗಟ್ಟಿದೆ. ಒಳಗೆ ಅಂಗೈಯಷ್ಟು ಮೀನುಗಳು, ಎಷ್ಟು ಗಟ್ಟಿಮುಟ್ಟು! ಒಂದು ಬೊಗಸೆ ಸಾಕು ಅಂದೆ. ಬಕೆಟ್ ತುಂಬ ಕೊಟ್ಟಳು, ಅದೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿ. ನಾನು ಗೇಟು ದಾಟುವಾಗ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು — "ತೊಳೀಬೇಡೀ ಅಕ್ಕಾ!"

ಜುಲೈ 1

ಅವಳು ಕೊಟ್ಟ ಕಲ್ಲನ್ನು ತೊಳೆಯದೆ ನಮ್ಮ ಕಲ್ಲಿನ ಜೊತೆ ಸುರಿದು, ಪಂಪು ಹಾಕಿ, ದಿನಾ ಹನಿ ಹಾಕಿದೆ. ಮೊದಲನೆಯದರಲ್ಲಿ ಹಸಿರು ತಿಳಿಯಾಗುತ್ತಿದೆ. ಎರಡನೆಯದರಲ್ಲಿ ಮತ್ತೆ ನೇರಳೆ. ಕಲ್ಲು ಮುಟ್ಟಿ ನೋಡಿದೆ. ಜಾರುತ್ತಿದೆ. ಸಮಾಧಾನವಾಯಿತು. ಲೋಳೆ ಕಂಡು ಸಮಾಧಾನ! ಇದು ನನ್ನ ಕೈಬರಹವೇ ತಾನೇ?

ಜುಲೈ 4, ಸಂಜೆ

ಸೊಸೆ ಬಂದವಳು ಬ್ಯಾಗನ್ನು ಮೆಟ್ಟಿಲ ಮೇಲೇ ಬಿಟ್ಟು ತಾರಸಿಗೆ ಓಡಿದಳು. ಮೊದಲನೆಯದು ಹಳದಿ. ಎರಡನೆಯದು ನೀಲಿ. ನಂಬಿಕೆಯಿಲ್ಲದೆ ಎರಡನ್ನೂ ಮತ್ತೆ ಮಾಡಿದಳು. ಹಳದಿ, ನೀಲಿ.

"ಚಿಕ್ಕತ್ತೆ ಹತ್ತಿರ ನೀವೇ ಹೋದ್ರಾ?"

"ಮತ್ತೆ? ಕೊಳೆ ತಾನಾಗಿ ನಡೆದು ಬರುತ್ತಾ?"

ಒದ್ದೆ ಕೈಯಲ್ಲೇ ನನ್ನ ತೋಳು ಹಿಡಿದುಕೊಂಡಳು. ಸೀರೆಗೆ ಕಲೆಯಾಯಿತು. ಬಿಡಿಸಿಕೊಳ್ಳಲಿಲ್ಲ.

ಜುಲೈ 5, ಬೆಳಿಗ್ಗೆ

ಮೀನು ಬಂದವು. ಪ್ಲಾಸ್ಟಿಕ್ ಚೀಲ ನೀರಿನಲ್ಲಿ ತೇಲುತ್ತಿದೆ. ಚೀಲದ ನೀರಿಗೂ ತೊಟ್ಟಿಯ ನೀರಿಗೂ ಹದ ಕೂಡಿದ ಮೇಲೆ ಬಿಡಬೇಕಂತೆ. ಸೊಸೆ ಬಗ್ಗಿ ಕಾಯುತ್ತಿದ್ದಾಳೆ. ನಾನು ಮೆಟ್ಟಿಲ ತುದಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಕೆಳಗೆ ಗೇಟಿನ ಸದ್ದು. ವಾರಗಿತ್ತಿ! "ಅಕ್ಕಾ, ನನ್ನ ಹೆಪ್ಪಿಗೆ ಮೊಸರಾಯ್ತಾ?" ಅಂತ ಅಲ್ಲಿಂದಲೇ ಕೂಗು. ಚಪ್ಪಲಿ ತುಂಬ ಕೆಸರು, ಬಿಡದೆ ಹತ್ತಿ ಬರುತ್ತಿದ್ದಾಳೆ. ಮೆಟ್ಟಿಲು ಈಗಷ್ಟೇ ಒರೆಸಿದ್ದು. ಹೇಳಲೇ? ಒಂದೊಂದು ಮೆಟ್ಟಿಲಿಗೂ ಒಂದೊಂದು ಗುರುತು... ಇರಲಿ, ಮೀನು ಬಿಡುವ ಮೊದಲೇ ಅವಳು ಬಂದದ್ದು ಒಳ್ಳೆಯದೇ, ಇಲ್ಲದಿದ್ದರೆ ನಾನೇ ಹೋಗಿ ಕರೆದು ತರುತ್ತಿದ್ದೆ.