ಮಂಜು ಬಿಡುವ ಹೊತ್ತು

ಫೆಬ್ರವರಿ 6, ಮಧ್ಯಾಹ್ನ 1:30
ಡ್ರಾಪ್ಸ್ ಮೂರನೇ ಸಲ. ಎರಡು ತೊಟ್ಟು ಕಣ್ಣಿಗೆ, ನಾಲ್ಕು ಮೀಸೆಗೆ. ಪೊರೆ ತೆಗೆಸಿ ಹತ್ತು ದಿನ. ಬೆಳಿಗ್ಗೆ ಎದ್ದರೆ ಬಲಗಣ್ಣಿನಲ್ಲಿ ಬರೀ ಮಂಜು. ಈಗಷ್ಟೇ ಬಿಟ್ಟಿತು, ಅದಕ್ಕೇ ಬರೆಯುತ್ತಿದ್ದೇನೆ. ಎಡಗಣ್ಣು ಗ್ಲಾಕೋಮಾಗೆ ಹೋಗಿ ವರ್ಷವಾಯಿತು. ಉಳಿದಿರುವುದು ಇದೊಂದೇ.

ಕೋಲಾರದ ಡಾಕ್ಟರಮ್ಮ ಬಿಡಿಸಿ ಹೇಳಿದರು: “ಈ ಕಣ್ಣಲ್ಲೂ ಗ್ಲಾಕೋಮಾ ಇದೆ. ಆ ಪ್ರೆಶರಿಂದ ಕಣ್ಣಿನ ಮುಂದಿನ ಗಾಜಿನಂಥ ಪದರ ಮೊದಲೇ ಸೋತಿತ್ತು. ಆಪರೇಷನ್ನಲ್ಲಿ ಇನ್ನಷ್ಟು ಪೆಟ್ಟಾಗಿ ನೀರು ತುಂಬ್ಕೊಂಡಿದೆ. ನಿದ್ದೇಲಿ ಜಾಸ್ತಿ ಆಗುತ್ತೆ. ಒಂದು ತಿಂಗಳು ನೋಡೋಣ. ಇಳೀದಿದ್ರೆ ಆ ಪದರ ಬದಲಾಯಿಸ್ಬೇಕು.”

ನನ್ನ ಹೆಂಡತಿ ಸುನಂದಳ ಮುಖ ಸಣ್ಣಗಾಯಿತು. ನಾನು, “ಬದಲಾಯಿಸೋದಾದ್ರೆ ಕೂಲಿಂಗ್ ಗ್ಲಾಸೇ ಹಾಕ್ಬಿಡಿ ಮೇಡಂ” ಎಂದೆ.

ನಕ್ಕರು. “ಹೇರ್ ಡ್ರೈಯರ್ ಇದ್ಯಾ? ಎದ್ದ ಮೇಲೆ ಕೈ ಚಾಚಿದಷ್ಟು ದೂರ ಹಿಡಿದು, ಬಿಸಿ ಕಮ್ಮಿ ಇಟ್ಟು, ಮುಖಕ್ಕೆ ಗಾಳಿ ಬಿಡಿ. ಆ ನೀರು ಆರುತ್ತೆ.”

ಇಪ್ಪತ್ತಾರು ವರ್ಷದ ಸಲೂನ್ ನನ್ನದು. ಕೇಳಬೇಕೆ.

ಫೆಬ್ರವರಿ 7, 11:45
ನನ್ನಂಥ ಬೋಳುತಲೆಯವನು ತನ್ನದೇ ಕುರ್ಚಿಯಲ್ಲಿ ಕುಳಿತು ಡ್ರೈಯರ್ ಬಿಟ್ಟುಕೊಳ್ಳುವುದು...

“ಏನ್ರೀ, ಕಣ್ಣಿಗೆ ಇಸ್ತ್ರೀನಾ?” ಎಂದಳು ಸುನಂದ.

ನಗು ಸರಿ. ಅಂಗಡಿ ಇರುವುದು ಮಾಲೂರು ಸ್ಟೇಷನ್ ಎದುರು. ಶೇವಿಂಗ್ ಎಲ್ಲಾ ಏಳೂವರೆ ರೈಲಿನ ಒಳಗೆ. ನನಗೆ ಮಂಜು ಬಿಡುವ ಹೊತ್ತಿಗೆ ಗಿರಾಕಿಗಳು ಬೆಂಗಳೂರಿನಲ್ಲಿ. ಹೀಗೇ ಆದರೆ ಕತ್ತಿ ಕೆಳಗಿಡಬೇಕು.

ಫೆಬ್ರವರಿ 16, ಭಾನುವಾರ, 10:10
ಹಳೇ ಗಿರಾಕಿ ಅಜ್ಮತುಲ್ಲಾ ಬಂದರು. ಪಕ್ಕದ ಸಲೂನಿನಲ್ಲಿ ಗಡ್ಡ ತಿದ್ದಿಸಿಕೊಂಡಿದ್ದಾರೆ. ಒಂದು ಕೆನ್ನೆಯಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ.

“ಕಾಣ್ತದಾ ಗಂಗಣ್ಣ?”

“ಕಾಣದಿದ್ರೇ ಚೆನ್ನಾಗಿತ್ತು ಭಾಯ್.”

ಫೆಬ್ರವರಿ 25, 8:05
ಮಂಜು ಬಿಡುವಷ್ಟರಲ್ಲಿ ರೈಲು ಹೋಯಿತು. ಅರ್ಧ ಗಂಟೆಯಲ್ಲಿ ತಪ್ಪಿತು. ಬಲೂನು ಊದಿ, ಸೋಪು ಹಚ್ಚಿ ಶೇವ್ ಮಾಡಿ ನೋಡಿದೆ. ಎರಡು ಪಾಸ್. ಮೂರನೆಯದು ಢಂ. ಎದೆ ಒಡೆದೇಹೋಯಿತು. ತಿರುಗಿದರೆ ಸುನಂದ, ಕೈಯಲ್ಲಿ ಪಿನ್ನು.

ಮಾರ್ಚ್ 4, ಬೆಳಿಗ್ಗೆ 6:50
ಡ್ರೈಯರ್ ಐದೇ ನಿಮಿಷ. ಕನ್ನಡಿಯಲ್ಲಿ ನನ್ನ ಮುಖ ಗೆರೆ ಗೆರೆ ಸ್ಪಷ್ಟ. ಇಷ್ಟು ಸ್ಪಷ್ಟ ಬೇಡವಾಗಿತ್ತು. ನಿನ್ನೆ ಡಾಕ್ಟರಮ್ಮ ಹೇಳಿದ್ದರು: “ಊತ ಇಳೀತಿದೆ. ಪದರ ಬದಲಾಯಿಸೋದು ಬೇಡ. ಪ್ರೆಶರ್ ಡ್ರಾಪ್ಸ್ ಮಾತ್ರ ಬಿಡಬೇಡಿ.”

ಅಜ್ಮತುಲ್ಲಾ ಬಂದು ಕುರ್ಚಿಯಲ್ಲಿ ಕುಳಿತೇಬಿಟ್ಟರು. ನಾನು ಕತ್ತಿ ಎರಡು ಸಲ ಒರೆಸಿದೆ.

“ಹೆದರಿಕೆ ಇಲ್ವಾ ಭಾಯ್?”

“ಎರಡು ಕಣ್ಣಿರೋನು ಮಾಡಿದ್ದು ನೋಡಿದ್ರಲ್ಲ. ನೀವು ಕತ್ತಿ ಹಾಕಿ.”

ಹಾಕಿದೆ. ಎರಡೂ ಕೆನ್ನೆ ಸಮ. ಒಂದು ಹನಿ ರಕ್ತ ಇಲ್ಲ. ಕೆನ್ನೆ ಸವರಿಕೊಳ್ಳುತ್ತಾ ಸ್ಟೇಷನ್ ಕಡೆ ನಡೆದರು. ಸುನಂದ ಬಾಗಿಲಲ್ಲಿ ನಿಂತು ಉಸಿರು ಬಿಟ್ಟಳು. ಅಲ್ಲಿಯವರೆಗೂ ಬಿಟ್ಟಿರಲಿಲ್ಲವಂತೆ.

ಬೆಂಚಿನ ಮೇಲೆ ಒಬ್ಬರು. ಮೆಟ್ಟಿಲ ಹತ್ತಿರ ಇನ್ನಿಬ್ಬರು. “ಬರ್ಕೊಳೋದು ಆಮೇಲೆ ಇಟ್ಕೊ ಅಣ್ಣ, ಟ್ರೈನ್ ಬಂದ್ಬಿಡ್ತದೆ” — ಬಂದೆ, ಈ ಪೆನ್ನು ಕೆಳಗಿಟ್ಟೆ.