ಆರು ಸೆಕೆಂಡಿನ ಬಿಡುವು

ಮಾರ್ಚ್ 2, ಬೆಳಗ್ಗೆ 5.40
ಹದಿಮೂರನೇ ಪಾಠದ ರೆಕಾರ್ಡಿಂಗ್ ಮುಗಿಯಿತು. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಮೈಕಿಗೆ ಹಳೇ ಕಾಲುಚೀಲ ತೊಡಿಸಿ ಕೂತಿದ್ದೆ. ಒಂದು ವಾಕ್ಯ ಹೇಳುವುದು, ಆರು ಸೆಕೆಂಡು ಬಾಯಿ ಮುಚ್ಚಿಕೊಂಡಿರುವುದು. ಆ ಬಿಡುವಿನಲ್ಲಿ ಕಲಿಯುವವರು ತಿರುಗಿ ಹೇಳಬೇಕು. ಬೇರೆ ಕಡೆಯಿಂದ ಕೆಲಸಕ್ಕೆ ಬಂದವರು ಪಾಪ, ನಮ್ಮ ಭಾಷೆಯನ್ನು ಕಿವಿಯಿಂದಲೇ ಕಲಿಯಬೇಕು. ಸರಿ ಹೇಳಿದರೆ ಕಂಪ್ಯೂಟರ್ ಹಸಿರು ತೋರಿಸುತ್ತದೆ, ತಪ್ಪಿದರೂ ಸುಮ್ಮನಿದ್ದರೂ ಕೆಂಪು.

ಮೂವತ್ತು ಪಾಠ ಆಗಬೇಕು. ಇಪ್ಪತ್ತನೇ ತಾರೀಕು ಆಪರೇಷನ್. ಥೈರಾಯ್ಡ್ ಗೆಡ್ಡೆ. ಧ್ವನಿಯ ನರ ಅದಕ್ಕೇ ಅಂಟಿಕೊಂಡಿದೆಯಂತೆ.

"ಧ್ವನಿ ಉಳಿಸೋಕೆ ನೋಡ್ತೀವಿ, ಗ್ಯಾರಂಟಿ ಕೊಡಲ್ಲ" ಅಂದರು ಡಾಕ್ಟರು.

ಅತ್ತೆಗೆ ಹೇಳಿದೆ. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಿಂಗೆ ಎರಡೂ ಇದೆ ನೋಡು" ಅಂದರು. ಆಮೇಲೆ ಸೊಪ್ಪು ಬಿಡಿಸುತ್ತಾ ಮೂಗು ಒರೆಸಿಕೊಂಡರು. ನನಗೆ ಕಂಡಿತು.

ಮಾರ್ಚ್ 9
ಮಾನ ಹೋಯಿತು.

ಹದಿನಾಲ್ಕನೇ ಪಾಠವನ್ನು ಆತುರದಲ್ಲಿ ಹಾಗೇ ಅಪ್‌ಲೋಡ್ ಮಾಡಿದ್ದೆ, ಒಂದು ಸಲ ಕೇಳಿಯೂ ನೋಡಲಿಲ್ಲ. ನಾನು: "ಈ ಬಸ್ಸು ಎಲ್ಲಿಗೆ ಹೋಗುತ್ತದೆ?" ಬಿಡುವು. ಆ ಬಿಡುವಿನಲ್ಲಿ ಅಡುಗೆಮನೆಯಿಂದ ಅತ್ತೆ: "ಹಾಲು ಉಕ್ತಿದೆ ನೋಡೇ!" ನಾನು: "ಬಂದೆ ಅತ್ತೇ…" ಎಲ್ಲ ರೆಕಾರ್ಡ್ ಆಗಿದೆ.

ಇವತ್ತು ಆನ್‌ಲೈನ್ ಕ್ಲಾಸಲ್ಲಿ ಲಿಫ್ಟ್ ರಿಪೇರಿಯವರು, ಬೇಕರಿಯವರು, ಇಪ್ಪತ್ತೆರಡು ಜನವೂ ಶ್ರದ್ಧೆಯಿಂದ ಒಪ್ಪಿಸಿದರು. ಬಸ್ಸು ಎಲ್ಲಿಗೆ ಹೋಗುತ್ತದೆ. ಹಾಲು ಉಕ್ತಿದೆ ನೋಡೇ. ಬಂದೆ ಅತ್ತೇ. ಆ ಕೊನೆಯ ಎಳೆತವನ್ನೂ ಬಿಡಲಿಲ್ಲ.

ನಕ್ಕು ನಕ್ಕು ಗಂಟಲು ನೋವು. ಸರಿಮಾಡಿ ಹಾಕೋಣವೆಂದರೆ ಬೇಡವಂತೆ. ನನಗೀಗ ಹಾಲು ಟೀಚರ್ ಅಂತ ಹೆಸರು.

ಇಪ್ಪತ್ತಮೂರನೆಯವರು ಯಾವುದೋ ಆಸ್ಪತ್ರೆಯ ನರ್ಸು; ಆ ನರ್ಸಮ್ಮ ಮಾತ್ರ ಇವತ್ತೂ ಮೈಕ್ ಹಾಕಲಿಲ್ಲ. ಅವರ ಪುಟದ ತುಂಬ ಕೆಂಪು. ಕೇಳುವುದೆಲ್ಲ ಕೇಳುತ್ತಾರೆ, ಬಾಯಿ ಬಿಡುವುದಿಲ್ಲ. ನಾಚಿಕೆಯೋ, ಭಯವೋ…

ಮಾರ್ಚ್ 19, ಸಂಜೆ
ಮೂವತ್ತೂ ಆಯಿತು. ಕೊನೆಯದರಲ್ಲಿ ಧ್ವನಿ ಸ್ವಲ್ಪ ನಡುಗಿದೆ. ಹಾಗೇ ಬಿಟ್ಟೆ.

ನಮ್ಮ ಸೆಂಟರಿನ ಮೇಡಂ ಫೋನ್ ಮಾಡಿದ್ದರು. "ಹೆಚ್ಚುಕಮ್ಮಿ ಆದ್ರೆ ಕಂಪ್ಯೂಟರ್ ಧ್ವನಿ ಇದೆಯಲ್ಲ, ನೀವು ಟೆನ್ಶನ್ ಮಾಡ್ಕೋಬೇಡಿ." ಸಮಾಧಾನಕ್ಕೇ ಹೇಳಿದ್ದು. ಆದರೆ ನನಗೆ ಇಪ್ಪತ್ತು ವರ್ಷದಿಂದ ಇದೊಂದೇ ಕೆಲಸ ಗೊತ್ತಿರುವುದು. ಮಾತಾಡುವುದು.

ಹೆದರಿಕೆ ಆಗುತ್ತಿದೆ. ಇಲ್ಲಿ ಬಿಟ್ಟು ಬೇರೆಲ್ಲಿ ಬರೆಯಲಿ.

ಮಾರ್ಚ್ 23, ಆಸ್ಪತ್ರೆ
ಗೆಡ್ಡೆ ಹೋಯಿತು. ಧ್ವನಿಯೂ… ಬಾಯಿ ತೆರೆದರೆ ಬರೀ ಗಾಳಿ. ನರ ಕಡಿದಿಲ್ಲ, ಪೆಟ್ಟಾಗಿದೆ. ಬಂದರೆ ಬರಬಹುದು, ತಿಂಗಳುಗಳು ಬೇಕು. ಅಲ್ಲಿಯವರೆಗೆ ಪಿಸುಮಾತೂ ಬೇಡವಂತೆ.

ಬೆಳಗ್ಗೆ ಪರದೆ ಸರಿಸಿ ಯಾರೋ ಬಂದರು. ನೋಡಿದರೆ ನಮ್ಮ ನರ್ಸಮ್ಮ. ಇದೇ ವಾರ್ಡು.

"ನೋವು ಎಲ್ಲಿದೆ? ಇಲ್ಲಿಯಾ? ಸ್ವಲ್ಪ ತಡೆದುಕೊಳ್ಳಿ. ಈಗ ಸರಿಹೋಗುತ್ತದೆ."

ಒಂಬತ್ತನೇ ಪಾಠ. ನನ್ನದೇ ವಾಕ್ಯಗಳು. ವಾಕ್ಯದ ತುದಿಯಲ್ಲಿ ನಾನು ಒಂಚೂರು ಎಳೆಯುತ್ತೇನಲ್ಲ, ಅದೂ ಇತ್ತು. ಕಣ್ಣು ತುಂಬಿತು. ಅವರು ನೋವಿಗೆ ಅಂದುಕೊಂಡು ಮತ್ತೆ ಹೇಳಿದರು, ಈಗ ಸರಿಹೋಗುತ್ತದೆ.

ಚೀಟಿಯಲ್ಲಿ ಬರೆದೆ: ಕ್ಲಾಸಲ್ಲಿ ಯಾಕೆ ಮಾತಾಡಲ್ಲ?

ಅಕ್ಷರ ಕೂಡಿಸಿ ಕೂಡಿಸಿ ನಿಧಾನಕ್ಕೆ ಓದಿದರು. "ಅಲ್ಲಿ ಕೆಂಪು ಬರುತ್ತದೆ. ಇಲ್ಲಿ ರೋಗಿಗೆ ನೋವು ಇರುತ್ತದೆ. ಕೆಂಪು ನೋಡಲು ಟೈಮ್ ಇಲ್ಲ."

ಹೋಗುವಾಗ ಬಾಗಿಲಲ್ಲಿ ತಿರುಗಿ, ಗಂಭೀರವಾಗಿ, "ಹಾಲು ಉಕ್ತಿದೆ ನೋಡೇ."

ನಗಬಾರದು ಎಂದು ಡಾಕ್ಟರ ಕಟ್ಟಪ್ಪಣೆ. ದಿಂಬು ಕಚ್ಚಿಕೊಂಡೆ.

ಏಪ್ರಿಲ್ 6
ಮನೆ. ನನಗೆ ಮಾತಿಲ್ಲವೆಂದು ಅತ್ತೆಯೂ ಮಾತು ಬಿಟ್ಟಿದ್ದಾರೆ. ಊಟಕ್ಕೆ ಬಾ ಎನ್ನುವುದಕ್ಕೂ ಕೈಸನ್ನೆ. ನನ್ನ ಕಿವಿಗೇನಾಗಿದೆ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ. ಆಮೇಲೆ ಬಾಯಿಬಿಟ್ಟರು: "ನಾನೊಬ್ಬಳೇ ಮಾತಾಡಿದ್ರೆ ನಿಂಗೆ ಬೇಜಾರಾಗಲ್ವೇನೇ?"

ಜಗಳವಾಡುತ್ತಿದ್ದ ದಿನಗಳೇ ವಾಸಿ.

ಮೇ 17
ನಲವತ್ತು ದಿನ ಬರೆದಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ.

ಡಾಕ್ಟರು ಈಗ ಪ್ರಯತ್ನಿಸಿ ಎಂದಿದ್ದಾರೆ. ಹೆಡ್‌ಫೋನ್ ಹಾಕಿ ಮೊದಲನೇ ಪಾಠ ಒತ್ತಿದೆ. "ನಿಮ್ಮ ಹೆಸರೇನು?" ಎಂದು ನಾನೇ ಕೇಳಿದೆ. ಆರು ಸೆಕೆಂಡು. ಗಾಳಿ. ಮತ್ತೆ ಒತ್ತಿದೆ. ಗಾಳಿ. ಹನ್ನೊಂದು ಸಲ, ಹನ್ನೊಂದೂ ಕೆಂಪು. ನಾನೇ ಮಾಡಿದ ಬಿಡುವು ಎಷ್ಟು ಉದ್ದವೆಂದು ಇವತ್ತು ಗೊತ್ತಾಯಿತು. ನರ್ಸಮ್ಮನನ್ನು ನೆನೆದೆ.

ಮೇ 18
ಕೆಂಪು.

ಮೇ 21
ಕೆಂಪು. ಕಂಪ್ಯೂಟರ್ ಧ್ವನಿ ಹಾಕಿಕೊಳ್ಳಿ ಎಂದು ಮೇಡಂಗೆ ಮೆಸೇಜು ಟೈಪ್ ಮಾಡಿದೆ. ಕಳಿಸಲಿಲ್ಲ.

ಮೇ 29, ಸಂಜೆ 4.30
ಈಗಷ್ಟೇ ಆದದ್ದು. ಮರೆಯುವ ಮುಂಚೆ ಬರೆಯಬೇಕು.

ಹೆಡ್‌ಫೋನ್ ತೆಗೆದಿಟ್ಟು ಬಟ್ಟೆ ಮಡಿಸುತ್ತಿದ್ದೆ. ಪಾಠವಿಲ್ಲ, ಮೈಕಿಲ್ಲ. ಅಡುಗೆಮನೆಯಿಂದ ಅತ್ತೆ, ಮರೆತು, ಹಳೇ ಜೋರಿನಲ್ಲಿ: "ಹಾಲು ಉಕ್ತಿದೆ ನೋಡೇ!"

"ಬಂದೆ ಅತ್ತೇ."

ಒಡಕು. ತಗಡು ಎಳೆದ ಹಾಗಿತ್ತು. ಆದರೆ ಧ್ವನಿ. ಹಿಡಿದ ಟವೆಲು ಹಿಡಿದಂತೆಯೇ ನಿಂತೆ. ಸೌಟಿನ ಸಮೇತ ಅತ್ತೆ ಬಾಗಿಲಿಗೆ ಬಂದರು. ಇಬ್ಬರೂ ಮುಖ ಮುಖ ನೋಡುತ್ತಾ ನಿಂತೆವು. ಒಲೆಯ ಮೇಲೆ ಹಾಲು ಪೂರಾ ಉಕ್ಕಿ ಹೋಯಿತು, ಯಾರೂ ನೋಡಲಿಲ್ಲ.

ಒಲೆ ಒರೆಸಿಯಾಗಿದೆ. ಪಾತ್ರೆಯಲ್ಲಿ ಒಂದು ತೊಟ್ಟು ಹಾಲಿಲ್ಲ. ಆದರೂ ಅತ್ತೆ ಮತ್ತೆ ಕೂಗುತ್ತಿದ್ದಾರೆ, ಹಾಲು ಉಕ್ತಿದೆ ನೋಡೇ ಎಂದು. ಕೂಗಿ, ಸುಮ್ಮನಾಗಿ, ಕಾಯುತ್ತಿದ್ದಾರೆ. ಇನ್ನೂ ಆರು ಸೆಕೆಂಡು ಆಗಿಲ್ಲ, ಹೋಗಿ—